ಹಬ್ಬದ ದಿನ ಹಾಸನದ ಬೀದಿ ಖಾಲಿ, ಬೆಂಗಳೂರಿನ ಹಳೇ ಬೀದಿ ಭರ್ತಿ. ಯಾಕೆ ಹೀಗೆ?

ಸಾಲಗಾಮೆ ರಸ್ತೆ ಅಜ್ಜಿ
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ, ಇಲ್ಲಿ ಕೇಳುತ್ತೇನೆ. ಬೈಯುವವರು ಬೈಯಿರಿ.

ಮೊಮ್ಮಗುವನ್ನು ನೋಡಿಕೊಳ್ಳಲು ಬೆಂಗಳೂರಿಗೆ ಬಂದು ಹನುಮಂತನಗರದಲ್ಲಿ ಉಳಿದಿದ್ದೇನೆ. ಹೊರಡುವ ಮುಂಚೆ ಎಲ್ಲರೂ ಹೆದರಿಸಿದ್ದರು. ಅಲ್ಲಿ ಪಕ್ಕದ ಮನೆಯವರು ಸತ್ತರೂ ಗೊತ್ತಾಗಲ್ಲ ಅಂತ. ಇಲ್ಲಿ ನೋಡಿದರೆ ಉಲ್ಟಾ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ಬಂತು. ಎದುರು ಮನೆಯವರು, ಮೇಲಿನ ಬಾಡಿಗೆಯವರು ಎಲ್ಲ ಸೇರಿ ಹೊರಟರು, ನನ್ನನ್ನೂ ಎಳೆದುಕೊಂಡು ಹೋದರು. ಆಮೇಲೆ ಎರಡು ಕ್ರಾಸ್ ಆಚೆ ಅಣ್ಣಮ್ಮ ದೇವಿಯನ್ನು ಕೂರಿಸಿದರು. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹೆಣ್ಣುಮಕ್ಕಳಿಗೆ ಲೆಕ್ಕವಿಲ್ಲ. ಸಂಜೆ ಗವಿ ಗಂಗಾಧರೇಶ್ವರನ ಗುಡಿ ಕಡೆ ಜನವೋ ಜನ. ನಂದಿಯ ಕೊಂಬಿನ ನಡುವೆ ಬಿಸಿಲು ಬಂದು ಲಿಂಗದ ಮೇಲೆ ಬೀಳುವುದು ಅವತ್ತೇ ತಾನೇ. ರಾಮನವಮಿಗೆ ಪಾನಕ, ಕೋಸಂಬರಿ, ನೀರು ಮಜ್ಜಿಗೆ ಬೀದಿ ಬೀದಿಯಲ್ಲಿ.

ಹಾಸನದ ನಮ್ಮ ಬೀದಿಯಲ್ಲಿ ಮನೆ ಕಟ್ಟಿಕೊಂಡು ಎಷ್ಟೋ ವರ್ಷವಾಯಿತು. ಸಂಕ್ರಾಂತಿ ಸಂಜೆ ತಟ್ಟೆ ಹಿಡಿದು ಹೊರಟರೆ ಅರ್ಧ ಮನೆಗೆ ಬೀಗ. ಅಷ್ಟು ದೊಡ್ಡ ಊರಲ್ಲಿ ಉಳಿದದ್ದು ನಮ್ಮ ಚಿಕ್ಕ ಊರಲ್ಲಿ ಯಾಕೆ ಉಳಿಯಲಿಲ್ಲ?

ಕಟ್ಟಿನಕೆರೆ ಕಿಟ್ಟಿ
ಅಮ್ಮಾ, ನೀವು ಇರುವುದು ಹನುಮಂತನಗರದಲ್ಲಿ. ವೈಟ್‌ಫೀಲ್ಡ್‌ನಲ್ಲಿ ಒಂದು ತಿಂಗಳು ಇದ್ದು ಆಮೇಲೆ ಬರೆಯಿರಿ 😄

ಹದಿನಾಲ್ಕನೇ ಮಹಡಿ
ಕಿಟ್ಟಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಚನ್ನರಾಯಪಟ್ಟಣದವಳು, ಈಗ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್. ನಮ್ಮಲ್ಲಿ ಹಬ್ಬಕ್ಕೆ ಕಮಿಟಿ ಇದೆ, ಬಜೆಟ್ ಇದೆ, ಡಿಜೆ ಇದೆ. ಬಾಗಿಲ ಮುಂದೆ ರಂಗೋಲಿ ಹಾಕಿದರೆ ಮಾತ್ರ 'ಕಾರಿಡಾರ್ ಕಾಮನ್ ಏರಿಯಾ' ಅಂತ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ. ಸಂಕ್ರಾಂತಿಗೆ ಎಳ್ಳು ಹಿಡಿದು ಒಂದು ಮನೆ ಬೆಲ್ ಒತ್ತಿದೆ. ಒಳಗಿಂದ 'ಯಾವ ಡೆಲಿವರಿ?' ಅಂದರು. ರೇಷ್ಮೆ ಸೀರೆ ಉಟ್ಟು ಡೆಲಿವರಿಗೆ ಯಾರು ಬರುತ್ತಾರೆ ಹೇಳಿ.

ಕಟ್ಟಿನಕೆರೆ ಕಿಟ್ಟಿ
😂😂 ಕೊಟ್ಟು ಬಂದಿರಾ ಇಲ್ವಾ?

ಹದಿನಾಲ್ಕನೇ ಮಹಡಿ
ಕೊಟ್ಟೆ. ಸಂಜೆ ಅವರೇ ಒಂದು ಡಬ್ಬಿ ತುಂಬಾ ಎಳ್ಳುಂಡೆ ತಂದುಕೊಟ್ಟರು. ನಾಗ್ಪುರದವರಂತೆ. ಈಗ ಒಳ್ಳೆ ಸ್ನೇಹ.

ಬಳೇಪೇಟೆ ಬಾಡಿಗೆದಾರ
ಹೋಲಿಕೆಯೇ ಸರಿಯಿಲ್ಲ. ಹೊಳೆನರಸೀಪುರ ನನ್ನ ಊರು, ಬೆಂಗಳೂರು ಪೇಟೆಯಲ್ಲಿ ವ್ಯಾಪಾರ. ಇಲ್ಲಿನ ಪೇಟೆ ಅಂದರೆ ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗಿನ ಲೆಕ್ಕ. ಅಕ್ಕಿಪೇಟೆ, ಬಳೇಪೇಟೆ, ತಿಗಳರಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಒಂದೊಂದು ಕಸುಬಿನವರಿಗೆ ಒಂದೊಂದು ಬೀದಿ, ಒಂದೊಂದು ಗುಡಿ. ಅಲ್ಲಿ ಹಬ್ಬ ಉಳಿಯದೆ ಇನ್ನೆಲ್ಲಿ ಉಳಿಯುತ್ತದೆ? ಅಜ್ಜಿ, ನಿಮ್ಮದು ಸಾಲಗಾಮೆ ರಸ್ತೆ ಕಡೆಯ ಬಡಾವಣೆ. ಕಾಂಪೌಂಡು, ಗೇಟು, ನಾಯಿ. ನ್ಯಾಯವಾಗಿ ಹೋಲಿಸುವುದಾದರೆ ಹಾಸನದ ಹಳೇ ಊರನ್ನು ಹೋಲಿಸಿ. ಹಾಸನಾಂಬ ಗುಡಿ ಸುತ್ತಲಿನ ಬೀದಿ, ಪೆನ್ಷನ್ ಮೊಹಲ್ಲಾ ಇಂಥವು.

ಸಾಲಗಾಮೆ ರಸ್ತೆ ಅಜ್ಜಿ
ಹನುಮಂತನಗರವೂ ಪೇಟೆಯಲ್ಲವಲ್ಲಪ್ಪ. ಅದೂ ಬಡಾವಣೆಯೇ.

ಬಳೇಪೇಟೆ ಬಾಡಿಗೆದಾರ
ಅದು ಸರಿ. ಆದರೆ ಪಕ್ಕದ ಬಸವನಗುಡಿಗೆ ನೂರಿಪ್ಪತ್ತು ವರ್ಷ ದಾಟಿದೆ ನೋಡಿ. 1898ರಲ್ಲಿ ಪ್ಲೇಗ್ ಬಂತು, ಪೇಟೆ ಜನ ಇಕ್ಕಟ್ಟಿನಲ್ಲಿ ಸಾಯುತ್ತಿದ್ದರು. ಅದಕ್ಕೇ ಬಸವನಗುಡಿ, ಮಲ್ಲೇಶ್ವರ ಮಾಡಿದರು. ಆಗ ಅವೂ ಹೊಸ ಲೇಔಟುಗಳೇ.

ಮೂಲೆ ಮನೆ ಮಂಜ
ಅಂದರೆ ಹಾಸನದ ನಮ್ಮ ಕುವೆಂಪುನಗರದಲ್ಲಿ ಹಬ್ಬ ನೋಡಲು ಇನ್ನೂ ಎಂಬತ್ತು ವರ್ಷ ಕಾಯಬೇಕು. ಆಯಿತು ಬಿಡಿ.

ನಿವೃತ್ತ ಮೇಷ್ಟ್ರು
ವಯಸ್ಸಿನ ಪ್ರಶ್ನೆ ಅಲ್ಲ ಇದು. ನಾನು ಹೇಳುತ್ತೇನೆ ಕೇಳಿ.

ಹಾಸನ ನಗರದಲ್ಲಿ ಮನೆ ಮಾಡಿದವರಲ್ಲಿ ಜಾಸ್ತಿ ಜನ ಯಾರು? ಅರಕಲಗೂಡು, ಆಲೂರು, ಹೊಳೆನರಸೀಪುರ, ದುದ್ದ, ಶಾಂತಿಗ್ರಾಮ ಕಡೆಯವರು. ಮಕ್ಕಳ ಓದಿಗೆ, ನೌಕರಿಗೆ ಬಂದವರು. ಊರಲ್ಲಿ ಜಮೀನು ಇದೆ, ಅಣ್ಣತಮ್ಮಂದಿರು ಇದ್ದಾರೆ, ಮನೆದೇವರು ಇದೆ. ಬಸ್ ಹತ್ತಿದರೆ ಒಂದು ಗಂಟೆ. ಹಬ್ಬ ಬಂತು ಅಂದರೆ ಬೀಗ ಹಾಕಿ ಊರಿಗೆ ಹೊರಡುತ್ತಾರೆ. ಸಂಕ್ರಾಂತಿಗೆ ದನಕ್ಕೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದು ಊರಲ್ಲಿ ತಾನೇ? ಹಿರಿಯರ ಹಬ್ಬಕ್ಕೆ ಎಡೆ ಇಡುವುದು ಊರ ಮನೆಯಲ್ಲಿ. ಮಾರಿ ಹಬ್ಬಕ್ಕೆ ಮರಿ ಕಡಿಯುವುದೂ ಅಲ್ಲೇ. ನಗರದ ಮನೆ ಅವರಿಗೆ ಇಳಿದುಕೊಳ್ಳುವ ಜಾಗ ಅಷ್ಟೆ.

ಬೆಂಗಳೂರಿನ ಹಳೇ ಭಾಗದವರಿಗೆ ಹೋಗಲು ಬೇರೆ ಊರಿಲ್ಲ. ಮೂರು ನಾಲ್ಕು ತಲೆಮಾರಿನಿಂದ ಅವರ ಊರು ಅಂದರೆ ಆ ಬೀದಿಯೇ. ಅದಕ್ಕೇ ಬೀದಿಯಲ್ಲಿ ಹಬ್ಬ. ಹಾಗಾಗಿ ನಮ್ಮಲ್ಲಿ ಹಬ್ಬ ಸತ್ತಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ನಡೆಯುತ್ತಿದೆ. ಅಜ್ಜಿಗೆ ಕಾಣುತ್ತಿಲ್ಲ ಅಷ್ಟೆ.

ಮೂಲೆ ಮನೆ ಮಂಜ
ಮೇಷ್ಟ್ರೇ 🙏 ಸರಿಯಾಗಿ ಹೇಳಿದಿರಿ. ದೀಪಾವಳಿಗೆ ನಮ್ಮ ಇಡೀ ಕ್ರಾಸ್‌ನಲ್ಲಿ ಉಳಿಯುವುದು ನಾವು ಮತ್ತು ಒಂದು ಪಿಜಿ.

ಹದಿನಾಲ್ಕನೇ ಮಹಡಿ
ಗೌರಿ ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್, ಯಶವಂತಪುರ, ನೆಲಮಂಗಲ ಟೋಲ್ ನೋಡಿದ್ದೀರಾ? ಬೆಂಗಳೂರೂ ಖಾಲಿಯಾಗುತ್ತದೆ. ಅರ್ಧ ಜನ ನಮ್ಮ ಹಾಸನದ ಕಡೆಗೇ ಬರುತ್ತಾರೆ. ಅಂದರೆ ಮೇಷ್ಟ್ರು ಹೇಳಿದ ಮಾತು ವೈಟ್‌ಫೀಲ್ಡ್‌ಗೂ ಸರಿ, ಕುವೆಂಪುನಗರಕ್ಕೂ ಸರಿ.

ಚಾಮರಾಜಪೇಟೆ ಸೊಸೆ
ನಾನು ಸಕಲೇಶಪುರದ ಹುಡುಗಿ, ಮದುವೆಯಾಗಿ ಚಾಮರಾಜಪೇಟೆಗೆ ಬಂದವಳು. ಬೆಂಗಳೂರಿನ ಬೀದಿ ಹಬ್ಬ ಅಂತ ಇಷ್ಟು ಹೊಗಳಬೇಡಿ. ಒಳಗಿದ್ದು ನೋಡಿದವಳು ಹೇಳುತ್ತಿದ್ದೇನೆ.

ಅಣ್ಣಮ್ಮನನ್ನು ಕೂರಿಸುವುದು ಅಂದರೆ ಏನು ಗೊತ್ತಾ? ಮೆಜೆಸ್ಟಿಕ್ ಹತ್ತಿರದ ದೇವಸ್ಥಾನದಿಂದ ಉತ್ಸವಮೂರ್ತಿಯನ್ನು ಬೀದಿಗೆ ಕರೆತಂದು ಪೆಂಡಾಲಿನಲ್ಲಿ ಇಡುತ್ತಾರೆ. ಹೆಂಗಸರು ತಂಬಿಟ್ಟಿನ ಆರತಿ ತರುತ್ತಾರೆ, ಮಡಿಲು ತುಂಬುತ್ತಾರೆ. ಇಲ್ಲಿಯವರೆಗೆ ಚೆಂದ. ರಾತ್ರಿಯಾದರೆ ಆರ್ಕೆಸ್ಟ್ರಾ. ರಸ್ತೆಗೆ ಅಡ್ಡ ಸ್ಟೇಜು. ನಮ್ಮ ಬಾಗಿಲಿಗೆ ಸರಿಯಾಗಿ ಸ್ಪೀಕರ್. ಮಗನಿಗೆ ಪರೀಕ್ಷೆ, ಮಾವನಿಗೆ ಬಿಪಿ. ಹೇಳಿದರೆ 'ದೇವಿ ಕೆಲಸ ಅಕ್ಕ, ಒಂದು ದಿನ ಅಡ್ಜಸ್ಟ್ ಮಾಡಿಕೊಳ್ಳಿ' ಅನ್ನುತ್ತಾರೆ. ಹಗಲು ಚಂದಾಗೆ ಬಂದವರೂ ಅವರೇ. ಕಮ್ಮಿ ಕೊಟ್ಟರೆ ಮುಖ ನೋಡಬೇಕು ಅವರದು.

ಖುಷಿ ಇಲ್ಲ ಅಂತಲ್ಲ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತ ಎಂಬತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಯುತ್ತಿದೆ. ಪಾತ್ರೆ ತೊಳೆದು, ಬಾಗಿಲು ಎಳೆದುಕೊಂಡು ನಡೆದು ಹೋಗಿ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ ಕೇಳಿ ಬರುತ್ತೇವೆ. ಈ ಭಾಗ್ಯ ಸಕಲೇಶಪುರದಲ್ಲಿ ಇರಲಿಲ್ಲ. ಆದರೆ ಅದಕ್ಕೂ ವರ್ಷಗಟ್ಟಲೆ ದುಡಿಯುವವರು ಇದ್ದಾರೆ. ಸುಮ್ನೆ ಉಳಿದದ್ದಲ್ಲ.

ಕಟ್ಟಿನಕೆರೆ ಕಿಟ್ಟಿ
ಚಂದಾ ವಿಷಯ ತೆಗೆಯಬೇಡಿ ಅಕ್ಕ, ಹೊಟ್ಟೆ ಉರಿಯುತ್ತದೆ. ನಮ್ಮ ಮಾರ್ಕೆಟ್ ಸುತ್ತ ಗಣಪತಿ ಸೀಸನ್‌ನಲ್ಲಿ ಅಂಗಡಿ ಬಾಗಿಲು ತೆಗೆಯಲು ಭಯ. ಒಂದೇ ಬೀದಿಗೆ ಮೂರು ಗಣಪತಿ. ಮೂರಕ್ಕೂ ಬೇರೆ ಬೇರೆ ರಸೀದಿ ಪುಸ್ತಕ.

ಮೂಲೆ ಮನೆ ಮಂಜ
ಯಾಕೆ ಮೂರು ಅಂದರೆ ಹೋದ ವರ್ಷ ಲೆಕ್ಕ ಕೇಳಿದ್ದಕ್ಕೆ ಎರಡು ಗುಂಪು ಒಡೆದು ಹೋಯಿತು. ನಿಮಗೆ ಗೊತ್ತಿಲ್ಲದ್ದಾ ಕಿಟ್ಟಿ ಅಣ್ಣ.

ಕಟ್ಟಿನಕೆರೆ ಕಿಟ್ಟಿ
ಮಂಜ, ಆ ಎರಡನೇ ಗುಂಪಿನಲ್ಲಿ ನೀನೇ ಇದ್ದೆ.

ಗಿರಿ ಸೀಮೆಯವ
ಚಿಕ್ಕಮಗಳೂರಿನಿಂದ ನಮಸ್ಕಾರ. ಬೀದಿ ಬೀದಿ ಅಂತ ಏನು ಹೊಡೆದಾಡುತ್ತೀರಿ? ನಮ್ಮದು ಬೆಟ್ಟ. ನರಕ ಚತುರ್ದಶಿ ದಿನ ಬಿಂಡಿಗದ ದೇವೀರಮ್ಮನ ಬೆಟ್ಟ ಹತ್ತಲು ಬನ್ನಿ. ಕತ್ತಲಲ್ಲೇ ಹತ್ತುತ್ತಾರೆ, ಮಳೆಯಿದ್ದರೂ ಹತ್ತುತ್ತಾರೆ, ಎಷ್ಟೋ ಜನ ಬರಿಗಾಲಲ್ಲಿ. ಸೌದೆ ಹೊತ್ತುಕೊಂಡು ಹೋಗುವವರೂ ಇದ್ದಾರೆ. ರಾತ್ರಿ ಮೇಲೆ ದೀಪ ಹಚ್ಚಿದ್ದು ದೂರದ ಊರುಗಳಿಗೂ ಕಾಣುತ್ತದೆ. ಚಂದಾ ಇಲ್ಲ, ಆರ್ಕೆಸ್ಟ್ರಾ ಇಲ್ಲ.

ಮೂಲೆ ಮನೆ ಮಂಜ
ಇಳಿದ ಮೇಲೆ ವಾರ ಮಂಡಿ ನೋವು ಇದೆ.

ದೇವಿಗೆರೆ ಪಕ್ಕದ ಮನೆ
ಹಳೇ ಊರನ್ನು ಹೋಲಿಸಿ ಅಂದಿರಲ್ಲ, ಇಗೋ ನಾನಿದ್ದೇನೆ. ಹುಟ್ಟಿದ್ದು ಬೆಳೆದದ್ದು ಎಲ್ಲ ಹಾಸನಾಂಬ ಗುಡಿಯಿಂದ ನಾಲ್ಕು ಹೆಜ್ಜೆಯಲ್ಲಿ.

ಹೊರಗಿನವರಿಗೆ ಒಂದು ಮಾತು. ಏಳು ಜನ ದೇವಿಯರು ಕಾಶಿಯಿಂದ ದಕ್ಷಿಣಕ್ಕೆ ಬಂದರು ಅಂತ ನಂಬಿಕೆ. ಮೂವರು ಈ ಗುಡಿಯಲ್ಲಿ ಹುತ್ತದ ರೂಪದಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ. ಗುಡಿಯ ಬಾಗಿಲು ವರ್ಷಕ್ಕೆ ಒಮ್ಮೆ ಮಾತ್ರ ತೆಗೆಯುತ್ತಾರೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆ ಕಂಬ ಕಡಿದು ಬಾಗಿಲು ತೆಗೆಯುವುದು, ಬಲಿಪಾಡ್ಯಮಿ ಕಳೆದು ಮುಚ್ಚುವುದು. ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತದೆ ಅನ್ನುವುದು ನಮ್ಮವರ ನಂಬಿಕೆ.

ನಾವು ಚಿಕ್ಕವರಿದ್ದಾಗ ಇದು ನಮ್ಮ ಬೀದಿ ಹಬ್ಬ. ಸ್ಕೂಲಿಂದ ಬಂದು ಬ್ಯಾಗ್ ಎಸೆದು ಓಡಿ ಹೋಗಿ ಅಮ್ಮನವರನ್ನು ನೋಡಿ ಬರುತ್ತಿದ್ದೆವು. ಗುಡಿಯೊಳಗೆ ಸೊಸೆ ಕಲ್ಲು ಅಂತ ಇದೆ, ಶಾಪದಿಂದ ಕಲ್ಲಾದ ಸೊಸೆಯಂತೆ. ಅದು ಈ ವರ್ಷ ದೇವಿಯ ಕಡೆ ಎಷ್ಟು ಮುಂದೆ ಬಂದಿದೆ ಅಂತ ಅಕ್ಕ ತಂಗಿಯರು ಜಗಳ ಆಡುತ್ತಿದ್ದೆವು. ವರ್ಷಕ್ಕೆ ಅಕ್ಕಿ ಕಾಳಿನಷ್ಟು ಅಂತೆ, ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ.

ಈಗ? ನಮ್ಮ ಮನೆಗೆ ನಾವು ಹೋಗಲು ಬ್ಯಾರಿಕೇಡ್ ಸುತ್ತಬೇಕು. ರಾತ್ರಿ ಹಗಲು ಸಾಲು. ಮುನ್ನೂರು ರೂಪಾಯಿಗೆ ಒಂದು ಸಾಲು, ಸಾವಿರಕ್ಕೆ ಇನ್ನೊಂದು. ಪಾಸ್ ಇದ್ದವರಿಗೆ ಬೇರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆದಮೇಲಂತೂ ಎಲ್ಲೆಲ್ಲಿಂದಲೋ ಬರುತ್ತಾರೆ. ಬರಲಿ, ತಪ್ಪಿಲ್ಲ. ದೇವಿ ಎಲ್ಲರಿಗೂ ಸೇರಿದವಳು. ಆದರೆ ಪಕ್ಕದ ಬೀದಿಯ ನನ್ನ ತಾಯಿ ದರ್ಶನ ಮಾಡದೆ ಎಷ್ಟು ವರ್ಷವಾಯಿತೋ. ಸಾಲಿನಲ್ಲಿ ನಿಲ್ಲಲು ಆಗಲ್ಲ, ಪಾಸ್ ಕೇಳಲು ಮನಸ್ಸಿಲ್ಲ. ಬಾಗಿಲು ತೆಗೆಯುವ ದಿನ ಮನೆ ಮುಂದೆ ರಂಗೋಲಿ ಹಾಕಿ ಅಲ್ಲಿಂದಲೇ ಕೈ ಮುಗಿಯುತ್ತಾರೆ. ಅಜ್ಜಿ, ಹಾಸನದಲ್ಲೂ ಬೀದಿಯ ಹಬ್ಬ ಇತ್ತು. ಊರು ತುಂಬಾ ಜನ ಬಂದರು, ಬೀದಿಯವರು ಬದಿಗೆ ಸರಿದರು.

ನಿವೃತ್ತ ಮೇಷ್ಟ್ರು
ನಿಜ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಮನೆಗೆ ಆ ದಿನಗಳಲ್ಲಿ ಬರುವ ನೆಂಟರಲ್ಲಿ ಅರ್ಧ ಜನ ಪಾಸ್ ಕೇಳಲು ಬರುವವರು.

ಕಟ್ಟಿನಕೆರೆ ಕಿಟ್ಟಿ
ವ್ಯಾಪಾರದವನಾಗಿ ಹೇಳುತ್ತೇನೆ, ಹಾಸನಾಂಬ ದಿನಗಳಲ್ಲೇ ನಮಗೆ ನಾಲ್ಕು ಕಾಸು. ಜನ ಬೇಡ ಅನ್ನಬೇಡಿ. ಸುತ್ತಲಿನ ಬೀದಿಗಳ ವಯಸ್ಸಾದವರಿಗೆ ಬೆಳಗ್ಗೆ ಒಂದು ಗಂಟೆ ಬಿಟ್ಟರೆ ಸಾಕು. ಇಷ್ಟು ಕೇಳಲು ಬೀದಿಯವರು ಒಟ್ಟಾಗಿದ್ದೀರಾ? ಒಂದು ಮನವಿ ಬರೆದು ಎಲ್ಲರೂ ಸಹಿ ಹಾಕಿ ಕೊಟ್ಟಿದ್ದೀರಾ?

ದೇವಿಗೆರೆ ಪಕ್ಕದ ಮನೆ
ಇಲ್ಲ ಅಣ್ಣ. ಒಬ್ಬೊಬ್ಬರೂ ಅವರವರ ಪರಿಚಯದವರ ಕೈಕಾಲು ಹಿಡಿದು ಪಾಸ್ ತರುತ್ತಾರೆ.

ಕಟ್ಟಿನಕೆರೆ ಕಿಟ್ಟಿ
ಅಲ್ಲೇ ಇರುವುದು ಎಲ್ಲ.

ಸಕಲೇಶಪುರ ಸುಬ್ಬು
ಬೆಂಗಳೂರಿನಲ್ಲಿ ಕರಗಕ್ಕೂ ಲಕ್ಷಗಟ್ಟಲೆ ಜನ. ಅಲ್ಲಿ ಬೀದಿಯವರು ಬದಿಗೆ ಸರಿದಿಲ್ವಲ್ಲ? ಅಂದಹಾಗೆ ಕರಗ ಮಸೀದಿಗೆ ಹೋಗುತ್ತದಂತೆ, ನಿಜವಾ?

ಬಳೇಪೇಟೆ ಬಾಡಿಗೆದಾರ
ಮಸೀದಿಗಲ್ಲ, ದರ್ಗಾಕ್ಕೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಹೊತ್ತವರು ಸೀರೆ ಉಟ್ಟು, ಬಳೆ ತೊಟ್ಟಿರುತ್ತಾರೆ. ತಲೆ ಮೇಲಿನ ಕರಗವನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಬೆಳಗಿನ ಜಾವದವರೆಗೆ ಪೇಟೆಯ ಸಂದಿ ಸಂದಿ ಸುತ್ತಿ, ದರ್ಗಾದಲ್ಲೂ ನಿಂತು ಬರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಜನ ಎಷ್ಟೇ ಬರಲಿ, ಕರಗ ತಿಗಳ ಸಮುದಾಯದವರದು. ಯಾರು ಹೊರಬೇಕು, ಯಾರು ಕತ್ತಿ ಹಿಡಿಯಬೇಕು, ವ್ರತ ಯಾರದು, ಎಲ್ಲ ಅವರ ಮನೆತನಗಳಲ್ಲೇ ತೀರ್ಮಾನ. ನಾವು ನೋಡುವವರು ನೋಡಿ ಬರಬೇಕು ಅಷ್ಟೆ. ದೊಡ್ಡ ಕರಗಕ್ಕೆ ಮುಂಚೆ ಮಾಡುವ ಹಸಿ ಕರಗ ನಡೆಯುವ ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಸ್ಟೇಡಿಯಂ ಎದ್ದಿದೆ, ಕೆರೆ ಅಂತ ಉಳಿದಿರುವುದು ಒಂದು ಪುಟ್ಟ ಕೊಳ. ಆದರೂ ಬಿಟ್ಟಿಲ್ಲ, ಆ ಕೊಳದ ಹತ್ತಿರವೇ ಮಾಡುತ್ತಾರೆ. ಕೆರೆ ಹೋದರೂ ಹಬ್ಬ ಹೋಗಲಿಲ್ಲ.

ಬೇಲೂರಿನವ
ಕರಗ, ದರ್ಗಾ ಅಂತ ಬೆಂಗಳೂರನ್ನೇ ಯಾಕೆ ಹೊಗಳಬೇಕು? ನಮ್ಮ ಬೇಲೂರು ಚೆನ್ನಕೇಶವನ ತೇರಿಗೆ ಮುಂಚೆ ಮೌಲ್ವಿ ಬಂದು ಕುರಾನ್ ಓದುವ ಪದ್ಧತಿ ಹಿಂದಿನಿಂದ ನಡೆದು ಬಂದಿದೆ. ನಮ್ಮ ಅಜ್ಜನಿಗೆ ಅದು ವಿಚಿತ್ರ ಅನಿಸಿರಲೇ ಇಲ್ಲ. ಈಚೆಗೆ ಅದೂ ಟಿವಿ ಗಲಾಟೆ ಆಯಿತು.

ಅರಸೀಕೆರೆ ಜಂಕ್ಷನ್
ಅದು ಹಾಗಲ್ಲ ಸ್ವಾಮಿ. ಅದರ ಹಿಂದೆ ಏನಿದೆ ಅಂತ ಮೊದಲು ತಿಳಿದುಕೊಳ್ಳಿ...

ಮೇಲ್ವಿಚಾರಕ
ಬೇಲೂರು ತೇರಿನ ವಿಷಯಕ್ಕೆ ಹಿಂದೆ ಇಲ್ಲೇ ದೊಡ್ಡ ಜಗಳ ಆಗಿದೆ. ಬೇಕಾದವರು ಅಲ್ಲಿ ಓದಿ. ಇಲ್ಲಿ ಬೀದಿ, ಹಬ್ಬ, ಎಳ್ಳು ಬೆಲ್ಲ ಅಷ್ಟೆ. ಮುಂದುವರಿಸಿದರೆ ಬರಹ ತೆಗೆಯುತ್ತೇನೆ.

ಅರಸೀಕೆರೆ ಜಂಕ್ಷನ್
ಸರಿ ಬಿಡಿ. ಪರಿಷೆಗೇ ಬರುತ್ತೇನೆ. ಕಾರ್ತಿಕದ ಕಡೇ ಸೋಮವಾರ ಒಂದೇ ದಿನವಾ ಅಥವಾ ವಾರವೆಲ್ಲಾ ಇರುತ್ತದಾ? ಹೋದ ಸಲ ಬುಧವಾರ ಹೋದೆ, ಇನ್ನೂ ಅಂಗಡಿ ಇದ್ದವು.

ಚಾಮರಾಜಪೇಟೆ ಸೊಸೆ
ಮುಖ್ಯ ದಿನ ಸೋಮವಾರ. ಅಂಗಡಿಯವರು ಮುಂಚೆಯೇ ಬಂದು ಕೂರುತ್ತಾರೆ, ಆಮೇಲೂ ಒಂದೆರಡು ದಿನ ಇರುತ್ತಾರೆ. ಬುಲ್ ಟೆಂಪಲ್ ರಸ್ತೆ ಉದ್ದಕ್ಕೂ ಕಡಲೆಕಾಯಿ ರಾಶಿ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ಆಚೆ ಆಂಧ್ರ, ತಮಿಳುನಾಡಿನಿಂದಲೂ ತರುತ್ತಾರೆ. ಹಸಿಯದು ಬೇರೆ, ಹುರಿದದ್ದು ಬೇರೆ, ಬೇಯಿಸಿದ್ದು ಬೇರೆ. ಬಟ್ಟೆ ಚೀಲ ತೆಗೆದುಕೊಂಡು ಹೋಗಿ.

ಸಕಲೇಶಪುರ ಸುಬ್ಬು
ದೊಡ್ಡ ಬಸವಣ್ಣ ಕಡಲೆಕಾಯಿ ತಿನ್ನಲು ಬರುತ್ತಾನೆ ಅಂತ ಕಥೆ ಅಲ್ವಾ?

ಬಳೇಪೇಟೆ ಬಾಡಿಗೆದಾರ
ಹೌದು. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿ ಅಂತ ಆಗ ಹಳ್ಳಿಗಳು. ಹೊಲದ ಕಡಲೆಕಾಯಿಯನ್ನು ರಾತ್ರಿ ಒಂದು ಗೂಳಿ ಬಂದು ತಿಂದು ಹೋಗುತ್ತಿತ್ತಂತೆ. ರೈತರು ಮೊದಲ ಬೆಳೆ ನಿನಗೇ ಕೊಡುತ್ತೇವೆ ಅಂತ ಹರಕೆ ಹೊತ್ತರು. ಹೊಲ ಹೋಗಿ ಸೈಟಾಯಿತು, ಕಡಲೆಕಾಯಿ ಬೇರೆ ಜಿಲ್ಲೆಯಿಂದ ಬರುತ್ತದೆ, ಹರಕೆ ಮಾತ್ರ ಇನ್ನೂ ನಡೆಯುತ್ತಿದೆ.

ಕಟ್ಟಿನಕೆರೆ ಕಿಟ್ಟಿ
ಹಾಗಾದರೆ ಹಾಸನದಲ್ಲಿ ಆಲೂಗಡ್ಡೆ ಪರಿಷೆ ಮಾಡೋಣ. ನಮಗೂ ಬೆಳೆ ಇದೆ, ಗೂಳಿ ಬೇಕಾದಷ್ಟಿವೆ, ಎಲ್ಲ ಮಾರ್ಕೆಟ್‌ನಲ್ಲೇ ಮಲಗಿವೆ.

ಮೂಲೆ ಮನೆ ಮಂಜ
ಕಿಟ್ಟಿ ಅಣ್ಣ ರಸೀದಿ ಪುಸ್ತಕ ಮಾಡಿಸಿ, ಚಂದಾಗೆ ನಾನು ಬರುತ್ತೇನೆ 😄

ಸಾಲಗಾಮೆ ರಸ್ತೆ ಅಜ್ಜಿ
ಎಲ್ಲರ ಮಾತೂ ಓದಿದೆ. ಮೇಷ್ಟ್ರು ಹೇಳಿದ್ದು ಅರ್ಧ ಒಪ್ಪುತ್ತೇನೆ. ಊರಿಗೆ ಹೋಗುವವರು ಹೋಗಲಿ. ಆದರೆ ಊರಿಂದ ವಾಪಸ್ ಬಂದ ಮೇಲೂ ಬಾಗಿಲು ತೆಗೆಯಲ್ಲವಲ್ಲ, ಅದಕ್ಕೇನು ಹೇಳುತ್ತೀರಿ? ಇಲ್ಲಿ ಬೆಳಗ್ಗೆ ಸೊಪ್ಪಿನವಳು ಕೂಗಿದರೆ ನಾಲ್ಕು ಮನೆಯವರು ಗೇಟಿಗೆ ಬರುತ್ತಾರೆ. ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ಹತ್ತು ನಿಮಿಷ ಮಾತು. ಯಾರ ಮನೆಯಲ್ಲಿ ಜ್ವರ, ಯಾರ ಮಗಳಿಗೆ ಗಂಡು ಬಂತು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹಾಸನದ ನಮ್ಮ ಬೀದಿಯಲ್ಲಿ ಸೊಪ್ಪೂ ಈಗ ಮೊಬೈಲಲ್ಲಿ ತರಿಸುತ್ತಾರೆ. ಸೊಪ್ಪಿನವಳು ಬರುವುದನ್ನೇ ಬಿಟ್ಟಳು.

ನಿವೃತ್ತ ಮೇಷ್ಟ್ರು
ಅದು ಬೇರೆ ರೋಗ. ಅದಕ್ಕೆ ನಾನು ವಕೀಲಿ ಮಾಡುವುದಿಲ್ಲ.

ಹದಿನಾಲ್ಕನೇ ಮಹಡಿ
ಅಜ್ಜಿ, ಸಂಕ್ರಾಂತಿಗೆ ಬೀಗ ಅಂದಿರಲ್ಲ. ರಥಸಪ್ತಮಿವರೆಗೂ ಎಳ್ಳು ಬೀರಬಹುದು ಅಂತ ನಮ್ಮಮ್ಮ ಹೇಳುತ್ತಾರೆ. ಹಬ್ಬದ ದಿನವೇ ಯಾಕೆ? ಎಲ್ಲರೂ ಊರಿಂದ ಬಂದ ಮೇಲಿನ ಭಾನುವಾರ ಇಟ್ಟುಕೊಳ್ಳಿ.

ದೇವಿಗೆರೆ ಪಕ್ಕದ ಮನೆ
ನಮ್ಮ ಬೀದಿಯಲ್ಲಿ ಹಾಗೇ ಮಾಡುತ್ತೇವೆ. ಪುಟ್ಟ ಮಕ್ಕಳಿಗೆ ಎಲಚಿ ಹಣ್ಣು ಎರೆಯುವುದನ್ನೂ ಅವತ್ತೇ ಇಟ್ಟುಕೊಂಡವರಿದ್ದಾರೆ. ಶಾಸ್ತ್ರ ಕೇಳಿದವರು ಯಾರೂ ಇಲ್ಲ. ಮಕ್ಕಳಿಗೆ ಸಕ್ಕರೆ ಅಚ್ಚು ಸಿಕ್ಕರೆ ಆಯಿತು.

ಸಾಲಗಾಮೆ ರಸ್ತೆ ಅಜ್ಜಿ
ಇದು ಒಳ್ಳೆಯ ಮಾತು. ಮುಂದಿನ ಸಂಕ್ರಾಂತಿಗೆ ಹಾಸನದಲ್ಲೇ ಇರುತ್ತೇನೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ನನ್ನದು. ಬೀದಿಯವರಿಗೆ ಹೇಳುವುದು ಮಂಜನದು, ಕುವೆಂಪುನಗರ ದೂರವೇನಿಲ್ಲ.

ಮೂಲೆ ಮನೆ ಮಂಜ
ಆಯಿತಜ್ಜಿ. ಬಣ್ಣದ ಜೀರಿಗೆ ಪೆಪ್ಪರ್‌ಮಿಂಟ್ ಹಾಕಿ, ಮಕ್ಕಳು ಅದನ್ನೇ ಆರಿಸಿ ತಿನ್ನುವುದು.

ಚಾಮರಾಜಪೇಟೆ ಸೊಸೆ
ಪೆಪ್ಪರ್‌ಮಿಂಟ್ ಹಾಕಿದರೆ ನಮ್ಮ ಅತ್ತೆ ಅದನ್ನು ಎಳ್ಳು ಅಂತಲೇ ಒಪ್ಪಲ್ಲ.

ಗಿರಿ ಸೀಮೆಯವ
ನಮ್ಮ ಮನೆಯಲ್ಲಿ ಹುರಿಗಡಲೆಯನ್ನೂ ಹಾಕಲ್ಲ.

ಚಾಮರಾಜಪೇಟೆ ಸೊಸೆ
ಹುರಿಗಡಲೆ ಇಲ್ಲದ ಎಳ್ಳಾ?! ಚಿಕ್ಕಮಗಳೂರಿನವರೆಲ್ಲ ಹೀಗೇನಾ ಅಥವಾ ನಿಮ್ಮ ಮನೆಯಲ್ಲಿ ಮಾತ್ರವಾ?

ಗಿರಿ ಸೀಮೆಯವ
ಅಮ್ಮನನ್ನು ಕೇಳಿ ಹೇಳುತ್ತೇನೆ, ಇರಿ.